ಸ್ಕ್ಯಾನ್ ಮಾಡಿಸ್ಬೇಕಾ ಡಾಕ್ಟ್ರೇ?

ಮೂವತ್ತು ವರ್ಷದ ಹತ್ತಿರ ಆಯಿತು, ಎಕ್ಸ್‌ರೇ ಮತ್ತು ಸ್ಕ್ಯಾನಿಂಗ್ ಚಿತ್ರಗಳನ್ನು ನೋಡಿ ರಿಪೋರ್ಟ್ ಬರೆಯುವುದೇ ನನ್ನ ಕೆಲಸ. ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ ಕೇಳುತ್ತವೆ: ರೋಗ ಬಲಿಯುವ ಮುಂಚೆಯೇ, ಅಥವಾ ಬರುವ ಮುಂಚೆಯೇ, ಸ್ಕ್ಯಾನ್‌ನಲ್ಲಿ ಗೊತ್ತಾಗುತ್ತಾ? ಕೆಲವಕ್ಕೆ ಉದ್ದದ ಉತ್ತರ ಬೇಕು, ಕೆಲವಕ್ಕೆ ನಾಲ್ಕು ಸಾಲು ಸಾಕು.

ಪ್ರಶ್ನೆ: ಯಜಮಾನರಿಗೆ ಮುಂದಿನ ತಿಂಗಳು ಅರವತ್ತು ತುಂಬುತ್ತದೆ. ಅಮೆರಿಕದಲ್ಲಿರುವ ಮಗ ನಮ್ಮಿಬ್ಬರಿಗೂ ‘ಫುಲ್ ಬಾಡಿ ಎಂಆರ್‌ಐ’ ಪ್ಯಾಕೇಜ್ ಬುಕ್ ಮಾಡ್ತೀನಿ ಅಂತಿದ್ದಾನೆ. ತಲೆಯಿಂದ ಕಾಲಿನವರೆಗೆ ಎಲ್ಲಾ ಕ್ಯಾನ್ಸರೂ ಮೊದಲೇ ಗೊತ್ತಾಗುತ್ತಂತೆ. ನಮಗೆ ಸದ್ಯಕ್ಕೆ ಏನೂ ತೊಂದರೆ ಇಲ್ಲ. ಮಾಡಿಸಬಹುದಾ?
– ಗೃಹಿಣಿ, ಶಿವಮೊಗ್ಗ

ಮಗನ ಪ್ರೀತಿ ದೊಡ್ಡದು. ಅದನ್ನು ಬೇಡ ಅನ್ನಬೇಡಿ, ಪ್ಯಾಕೇಜ್ ಮಾತ್ರ ಬೇಡ ಅನ್ನಿ.

ಅರವತ್ತು ವರ್ಷ ಬಾಳಿದ ದೇಹದಲ್ಲಿ ಗಂಟು, ನೀರುಗುಳ್ಳೆ, ಕಲೆ ಏನಾದರೂ ಇದ್ದೇ ಇರುತ್ತದೆ. ಕೂದಲು ನರೆಯುವ ಹಾಗೆ ಒಳಗೂ ವಯಸ್ಸಾಗುತ್ತದೆ ಅಲ್ವಾ? ಕಿಡ್ನಿಯಲ್ಲಿ ಒಂದು ಸಿಸ್ಟ್, ಲಿವರ್‌ನಲ್ಲಿ ಒಂದು ಸಣ್ಣ ರಕ್ತನಾಳದ ಗಂಟು, ಥೈರಾಯ್ಡ್‌ನಲ್ಲಿ ಕಡಲೆಕಾಳಿನಷ್ಟು ಉಬ್ಬು, ಬೆನ್ನಿನಲ್ಲಿ ಸವೆದ ಡಿಸ್ಕ್. ಈ ವಯಸ್ಸಿನಲ್ಲಿ ಇವು ಯಾವುವೂ ಇಲ್ಲದ ಸ್ಕ್ಯಾನ್ ನಾನು ನೋಡುವುದು ಅಪರೂಪ. ಕಂಡದ್ದನ್ನು ನಾನು ಬರೆಯಲೇಬೇಕು. ನಾನು ಬರೆದ ಒಂದು ಸಾಲು ಓದಿ ನೀವು ರಾತ್ರಿ ನಿದ್ದೆ ಬಿಡುತ್ತೀರಿ, ಅದಕ್ಕೆ ಇನ್ನೊಂದು ಸ್ಕ್ಯಾನ್, ಅದೂ ಸರಿಯಾಗಿ ಹೇಳದಿದ್ದರೆ ಸೂಜಿ ಹಾಕಿ ಚೂರು ತೆಗೆದು ನೋಡುವ ಬಯಾಪ್ಸಿ, ಕೊನೆಗೆ ‘ಏನೂ ಇಲ್ಲ’ ಅನ್ನಿಸಿಕೊಳ್ಳುವ ಹೊತ್ತಿಗೆ ಆರು ತಿಂಗಳು ಮತ್ತು ಒಂದಿಷ್ಟು ದುಡ್ಡು ಹೋಗಿರುತ್ತದೆ. ಶ್ವಾಸಕೋಶ ಅಥವಾ ಲಿವರ್‌ಗೆ ಸೂಜಿ ಹಾಕುವುದರಲ್ಲಿ ಅಪಾಯ ಇಲ್ಲ ಅಂತಲೂ ಹೇಳಲಾರೆ.

ದಕ್ಷಿಣ ಕೊರಿಯಾದಲ್ಲಿ ನಡೆದದ್ದನ್ನು ಮಗನಿಗೂ ಹೇಳಿ. ಅಲ್ಲಿ 1999ರ ಸುಮಾರಿಗೆ ಬೇರೆ ಕ್ಯಾನ್ಸರ್‌ಗಳಿಗೆ ದೊಡ್ಡ ತಪಾಸಣೆ ಕಾರ್ಯಕ್ರಮ ಶುರುವಾಯಿತು. ‘ಸ್ವಲ್ಪ ದುಡ್ಡು ಸೇರಿಸಿದರೆ ಕತ್ತಿನ ಅಲ್ಟ್ರಾಸೌಂಡ್ ಕೂಡ ಮಾಡ್ತೀವಿ’ ಅಂತ ಆಸ್ಪತ್ರೆಗಳು ಸೇರಿಸಿಕೊಂಡವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗುವ ಪ್ರಮಾಣ 1993ರಲ್ಲಿ ಇದ್ದದ್ದಕ್ಕಿಂತ 15 ಪಟ್ಟಾಗಿತ್ತು. ಆದರೆ ಥೈರಾಯ್ಡ್ ಕ್ಯಾನ್ಸರ್‌ನಿಂದ ಸಾಯುವವರ ಪ್ರಮಾಣ ಇದ್ದ ಹಾಗೇ ಇತ್ತು! ಅಂದರೆ ಯಾರಿಗೂ ಯಾವತ್ತೂ ತೊಂದರೆ ಕೊಡದೆ ಇರುತ್ತಿದ್ದ ಪುಟ್ಟ ಗಂಟುಗಳನ್ನು ಹುಡುಕಿ ಹುಡುಕಿ ತೆಗೆದರು. ಅಷ್ಟು ಜನ ಥೈರಾಯ್ಡ್ ತೆಗೆಸಿಕೊಂಡು ಜೀವನಪೂರ್ತಿ ಮಾತ್ರೆ ನುಂಗುವಂತಾಯಿತು, ಕೆಲವರ ಸ್ವರದ ನರಕ್ಕೆ ಪೆಟ್ಟಾಯಿತು. 2014ರಲ್ಲಿ ಅಲ್ಲಿನ ವೈದ್ಯರೇ ಮುಂದೆ ಬಂದು ಇದನ್ನು ಹೇಳಿದ ಮೇಲೆ, ಒಂದೇ ವರ್ಷದಲ್ಲಿ ಈ ಆಪರೇಷನ್‌ಗಳು ಮೂರನೇ ಒಂದು ಭಾಗದಷ್ಟು ಇಳಿದವು.

ಅಮೆರಿಕದ ರೇಡಿಯಾಲಜಿಸ್ಟ್‌ಗಳ ಸಂಘ ಕೂಡ, ಲಕ್ಷಣ ಇಲ್ಲದವರಿಗೆ, ಕುಟುಂಬದಲ್ಲಿ ವಿಶೇಷ ಅಪಾಯ ಇಲ್ಲದವರಿಗೆ ಪೂರ್ತಿ ದೇಹದ ಸ್ಕ್ಯಾನ್ ಮಾಡಿ ಅಂತ ಹೇಳುವಷ್ಟು ಆಧಾರ ಇಲ್ಲ ಎಂದು 2023ರಲ್ಲಿ ಹೇಳಿತು. ಮಗ ಇರುವ ಊರಿನವರದೇ ಮಾತು, ಕೇಳಿಯಾನು.

ಯಾವ ಸ್ಕ್ಯಾನ್ ಆದರೂ ಮಾಡಿಸುವ ಮುಂಚೆ ನಿಮ್ಮ ವೈದ್ಯರನ್ನು ಒಂದು ಮಾತು ಕೇಳಿ: ‘ಇದರಲ್ಲಿ ಹೀಗೆ ಬಂದರೆ ಏನು ಮಾಡ್ತೀರಿ, ಹಾಗೆ ಬಂದರೆ ಏನು ಮಾಡ್ತೀರಿ?’ ಎರಡಕ್ಕೂ ಉತ್ತರ ಒಂದೇ ಆಗಿದ್ದರೆ ಆ ಸ್ಕ್ಯಾನ್ ಬೇಡ. ಅದೇ ದುಡ್ಡಿನಲ್ಲಿ ಇಬ್ಬರೂ ಬಿಪಿ, ಮೂರು ತಿಂಗಳ ಸರಾಸರಿ ಶುಗರ್, ಕೊಲೆಸ್ಟರಾಲ್ ನೋಡಿಸಿ. ಯಜಮಾನರು ಎಲೆ ಅಡಿಕೆ ಹಾಕುವವರಾದರೆ ಬಾಯಿ ತೋರಿಸಲಿ. ನೀವು ಗರ್ಭಕೊರಳಿನ ಪರೀಕ್ಷೆ ಮತ್ತು ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾಡಿಸಿ. ಉಳಿದ ದುಡ್ಡಿನಲ್ಲಿ ಮಗ ಊರಿಗೆ ಬಂದು ಹೋಗಲಿ.

ಪ್ರಶ್ನೆ: ಅಪ್ಪನಿಗೆ 58. ಮೂವತ್ತೈದು ವರ್ಷದಿಂದ ದಿನಕ್ಕೊಂದು ಪ್ಯಾಕ್ ಸಿಗರೇಟು. ಹೋದ ತಿಂಗಳು ಎದೆಯ ಎಕ್ಸ್‌ರೇ ತೆಗೆಸಿದೆವು, ‘ನಾರ್ಮಲ್’ ಅಂತ ಬಂತು. ‘ನೋಡು, ನನಗೇನೂ ಆಗಿಲ್ಲ’ ಅಂತ ಇನ್ನೂ ಜೋರಾಗಿ ಸೇದುತ್ತಿದ್ದಾರೆ. ಎಕ್ಸ್‌ರೇ ನಂಬಬಹುದಾ?
– ಮಗಳು, ದಾವಣಗೆರೆ

ಇಲ್ಲ. ಈ ವಿಷಯಕ್ಕೆ ನಂಬಬೇಡಿ.

ಎಕ್ಸ್‌ರೇ ಅಂದರೆ ನೆರಳು. ಎದೆಯ ಮುಂದಿನ ಭಾಗ, ಹಿಂದಿನ ಭಾಗ, ಪಕ್ಕೆಲುಬು, ಹೃದಯ ಎಲ್ಲವೂ ಒಂದೇ ಹಾಳೆಯ ಮೇಲೆ ಒಂದರ ಮೇಲೊಂದು ಬೀಳುತ್ತವೆ. ಹೃದಯದ ಹಿಂದೆಯೋ ಕೊರಳೆಲುಬಿನ ಹಿಂದೆಯೋ ಒಂದು ಸಣ್ಣ ಗಂಟು ಕೂತಿದ್ದರೆ ಎಷ್ಟೇ ಅನುಭವ ಇದ್ದವರ ಕಣ್ಣೂ ತಪ್ಪಬಹುದು. ನನ್ನ ಕಣ್ಣೂ ತಪ್ಪಿದೆ, ಆ ಚಿತ್ರ ಇವತ್ತಿಗೂ ನೆನಪಿದೆ. ಸಿಟಿ ಸ್ಕ್ಯಾನ್ ಹಾಗಲ್ಲ. ಬದನೆಕಾಯಿಯನ್ನು ಹೊರಗಿನಿಂದ ತಿರುಗಿಸಿ ನೋಡಿದರೆ ಹುಳ ಕಾಣುವುದಿಲ್ಲ, ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದರೆ ಯಾವ ಬಿಲ್ಲೆಯಲ್ಲಿ ಇದೆ ಅಂತ ಗೊತ್ತಾಗುತ್ತದೆ ಅಲ್ವಾ, ಅದೇ ಥರ. 1971ರ ಅಕ್ಟೋಬರ್ 1ರಂದು ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಎಂಬ ಎಂಜಿನಿಯರ್ ಮಾಡಿದ ಯಂತ್ರದಲ್ಲಿ ಮೊದಲ ರೋಗಿಯ ಮೆದುಳನ್ನು ಹೀಗೆ ನೋಡಿದರು. ಅಲ್ಲಿಂದ ನಮ್ಮ ಕೆಲಸವೇ ಬದಲಾಯಿತು.

ತುಂಬಾ ವರ್ಷ ಸೇದಿದವರಿಗೆ ‘ಲೋ ಡೋಸ್ ಸಿಟಿ’ ಅಂತ ಇದೆ. ಮಾಮೂಲಿ ಎದೆಯ ಸಿಟಿಯ ವಿಕಿರಣಕ್ಕೆ ಹೋಲಿಸಿದರೆ ಇದರಲ್ಲಿ ಸುಮಾರು ಐದನೇ ಒಂದು ಭಾಗ. ಬಣ್ಣದ ಇಂಜೆಕ್ಷನ್ ಬೇಡ, ಐದು ನಿಮಿಷದ ಕೆಲಸ. ಅಮೆರಿಕದಲ್ಲಿ 55ರಿಂದ 74 ವರ್ಷದ, ವಿಪರೀತ ಸೇದಿದ್ದ 53 ಸಾವಿರಕ್ಕೂ ಜಾಸ್ತಿ ಜನರಲ್ಲಿ ಅರ್ಧ ಜನಕ್ಕೆ ಎಕ್ಸ್‌ರೇ, ಇನ್ನರ್ಧ ಜನಕ್ಕೆ ಈ ಸಿಟಿ ಮಾಡಿ ವರ್ಷಗಟ್ಟಲೆ ಗಮನಿಸಿದರು. 2011ರಲ್ಲಿ ಫಲಿತಾಂಶ ಬಂತು. ಸಿಟಿ ಮಾಡಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಸಾವು ಶೇ 20 ಕಡಿಮೆ. ಸಣ್ಣ ಮಾತಲ್ಲ ಇದು. ನಾನು ಕಲಿಯುವಾಗ ಈ ಕ್ಯಾನ್ಸರನ್ನು ಮೊದಲೇ ಹಿಡಿಯುವುದು ಕನಸಾಗಿತ್ತು.

ಅದೇ ಅಧ್ಯಯನದ ಇನ್ನೊಂದು ಮುಖವನ್ನೂ ಹೇಳಬೇಕು. ಸಿಟಿಯಲ್ಲಿ ‘ಏನೋ ಇದೆ’ ಅಂತ ಬಂದ 100ರಲ್ಲಿ 96 ಕ್ಯಾನ್ಸರ್ ಆಗಿರಲಿಲ್ಲ. ಅಷ್ಟಕ್ಕೂ ಅಲ್ಲಿ ಟಿಬಿ ಕಡಿಮೆ. ನಮ್ಮಲ್ಲಿ ಯಾವತ್ತೋ ಬಂದು ವಾಸಿಯಾದ ಟಿಬಿಯ ಗಾಯದ ಗುರುತು ಎಷ್ಟೋ ಜನರ ಎದೆಯಲ್ಲಿ ಉಳಿದಿರುತ್ತದೆ, ಅದೂ ಗಂಟಿನ ಥರವೇ ಕಾಣುತ್ತದೆ. ಹಾಗಾಗಿ ಗಂಟು ಕಂಡರೆ ಗಾಬರಿ ಬೇಡ. ಹೆಚ್ಚಿನ ಸಣ್ಣ ಗಂಟುಗಳಿಗೆ ಮಾಡುವುದು ಇಷ್ಟೇ, ಕೆಲವು ತಿಂಗಳು ಬಿಟ್ಟು ಮತ್ತೊಂದು ಸ್ಕ್ಯಾನ್, ಬೆಳೆದಿದೆಯಾ ಇಲ್ಲವಾ ಅಂತ ಅಳತೆ.

ನಿಮ್ಮ ಅಪ್ಪನಿಗೆ ಇದನ್ನು ಮಾಡಿಸಿ, ಯಾಕೆಂದರೆ ಅವರ ವಿಷಯದಲ್ಲಿ ಫಲಿತಾಂಶ ನೋಡಿ ಮುಂದಿನ ದಾರಿ ನಿಜಕ್ಕೂ ಬದಲಾಗುತ್ತದೆ. ಆದರೆ ಅವರಿಗೆ ಒಂದು ಮಾತು ನನ್ನ ಕಡೆಯಿಂದ ಹೇಳಿ. ಸರ್, ಸ್ಕ್ಯಾನ್ ಕ್ಯಾನ್ಸರನ್ನು ತಡೆಯುವುದಿಲ್ಲ, ಬಂದದ್ದನ್ನು ಹೇಳುತ್ತದೆ ಅಷ್ಟೇ. ಹೃದಯಾಘಾತ, ಪಾರ್ಶ್ವವಾಯು, ಉಬ್ಬಸ ಇವೆಲ್ಲ ಸಿಗರೇಟಿನ ಲೆಕ್ಕದಲ್ಲೇ ಇವೆ, ಅವನ್ನು ಈ ಸ್ಕ್ಯಾನ್ ಕಾಯುವುದಿಲ್ಲ. ಮಗಳು ಪತ್ರ ಬರೆಯುವಷ್ಟು ಹೆದರಿದ್ದಾಳೆ, ದಯವಿಟ್ಟು ಬಿಡಿ.

ಪ್ರಶ್ನೆ: ನನಗೆ 38, ಕ್ಯಾಬ್ ಓಡಿಸುತ್ತೇನೆ. ನಮ್ಮ ಜಿಲ್ಲೆಯಲ್ಲಿ ಚಿಕ್ಕ ವಯಸ್ಸಿನವರು ಹೃದಯಾಘಾತದಿಂದ ಹೋದ ಸುದ್ದಿ ಕೇಳಿ ಭಯ ಶುರುವಾಗಿದೆ. ಸ್ನೇಹಿತರು ‘ಕ್ಯಾಲ್ಸಿಯಂ ಸ್ಕೋರ್’ ಮಾಡಿಸು, ಸೊನ್ನೆ ಬಂದರೆ ಹತ್ತು ವರ್ಷ ನಿಶ್ಚಿಂತೆ ಅಂತಾರೆ. ನಿಜವಾ?
– ಹಾಸನ

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಹೃದಯ ತಪಾಸಣೆಗೆ ಜನ ಮುಗಿಬಿದ್ದರು. 2025ರಲ್ಲಿ ನಿಮ್ಮ ಹಾಸನದ ಸುದ್ದಿ ಬಂದಾಗ ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಬೆಳಗಿನ ಜಾವದಿಂದಲೇ ಸಾಲು. ಸರ್ಕಾರ ತಜ್ಞರ ಸಮಿತಿ ಮಾಡಿ ನೋಡಿಸಿತು. ಸಾವುಗಳು ಅಸಹಜವಾಗಿ ಏರಿಲ್ಲ ಅಂತ ಸಮಿತಿ ಹೇಳಿತು. ತೀರಿಹೋದವರಲ್ಲಿ ಹಲವರಿಗೆ ಶುಗರ್, ಬಿಪಿ, ಸಿಗರೇಟು ಇಂಥ ಕಾರಣಗಳು ಮೊದಲೇ ಇದ್ದವು.

ಈಗ ಸ್ಕೋರ್ ವಿಷಯ. ಹೃದಯದ ರಕ್ತನಾಳದ ಗೋಡೆಯಲ್ಲಿ ಮೊದಲು ಕೊಬ್ಬು ಕೂರುತ್ತದೆ. ವರ್ಷಗಳು ಕಳೆದಂತೆ ಅದರ ಮೇಲೆ ಸುಣ್ಣ ಕಟ್ಟುತ್ತದೆ. ಆ ಸುಣ್ಣ ಸಿಟಿಯಲ್ಲಿ ಬೆಳ್ಳಗೆ ಹೊಳೆಯುತ್ತದೆ, ಅದನ್ನು ಅಳೆದು ಅಂಕ ಕೊಡುವುದೇ ಕ್ಯಾಲ್ಸಿಯಂ ಸ್ಕೋರ್. 1990ರಲ್ಲಿ ಆರ್ಥರ್ ಅಗಾಟ್‌ಸ್ಟನ್ ಮತ್ತು ಅವರ ಜೊತೆಗಾರರು ತಂದ ಲೆಕ್ಕ ಇದು. ಐವತ್ತು ದಾಟಿದ, ಕೊಲೆಸ್ಟರಾಲ್ ಮಾತ್ರೆ ತಗೋಬೇಕಾ ಬೇಡವಾ ಅಂತ ಅನುಮಾನದಲ್ಲಿರುವವರಿಗೆ ಇದು ಬಹಳ ಒಳ್ಳೆಯ ಪರೀಕ್ಷೆ. 100 ದಾಟಿದರೆ ಮಾತ್ರೆ ಬೇಕು ಅನ್ನುವ ಕಡೆಗೆ ವಾಲುತ್ತೇವೆ, 400 ದಾಟಿದರೆ ಅಪಾಯ ಜಾಸ್ತಿ.

ಆದರೆ 38ಕ್ಕೆ? ಸುಣ್ಣ ಕಟ್ಟಲು ವರ್ಷಗಳು ಬೇಕು. ಚಿಕ್ಕ ವಯಸ್ಸಿನ ಹೃದಯಾಘಾತದಲ್ಲಿ ಎಷ್ಟೋ ಸಲ ಒಡೆಯುವುದು ಇನ್ನೂ ಸುಣ್ಣ ಕಟ್ಟದ, ಮೆತ್ತಗಿನ ಕೊಬ್ಬಿನ ಗಡ್ಡೆ. ಅದು ಈ ಸ್ಕೋರಿಗೆ ಕಾಣುವುದೇ ಇಲ್ಲ. ನಿಮಗೆ ಸೊನ್ನೆ ಬರುವ ಸಾಧ್ಯತೆಯೇ ಜಾಸ್ತಿ, ಆ ಸೊನ್ನೆ ನೋಡಿ ನೀವು ನಿಶ್ಚಿಂತೆಯಾಗಿ ಬಿಪಿ ನೋಡಿಸುವುದನ್ನು ಬಿಟ್ಟರೆ ನನಗೆ ಆಗ ಭಯ. ಮೊದಲು ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿಸಿ. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ ಹೃದಯಾಘಾತ ಆಗಿದೆಯಾ ಅಂತ ವೈದ್ಯರಿಗೆ ಹೇಳಿ.

ಇನ್ನೊಂದು. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಹಿಡಿದುಕೊಂಡಂತಾಗಿ, ನಿಂತರೆ ಹೋಗುವಂಥ ನೋವು ಇದ್ದರೆ ಅದು ಬೇರೆ ಮಾತು. ಅಂಥವರಿಗೆ ಬಣ್ಣ ಹಾಕಿ ಮಾಡುವ ಸಿಟಿ ಆಂಜಿಯೋಗ್ರಾಂ ನಿಜಕ್ಕೂ ಸಹಾಯ ಮಾಡುತ್ತದೆ. ಸ್ಕಾಟ್ಲೆಂಡಿನಲ್ಲಿ 4,146 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಇದನ್ನು ಮಾಡಿಸಿದ ಗುಂಪಿನಲ್ಲಿ ಐದು ವರ್ಷದಲ್ಲಿ ಹೃದಯಾಘಾತ ಮತ್ತು ಹೃದ್ರೋಗದ ಸಾವು ಶೇ 3.9ರ ಬದಲು ಶೇ 2.3 ಇತ್ತು. ಚಿತ್ರದಲ್ಲಿ ಕೊಬ್ಬು ಕಂಡದ್ದರಿಂದ ಸರಿಯಾದ ಜನಕ್ಕೆ ಸರಿಯಾದ ಮಾತ್ರೆ ಶುರುವಾಯಿತು, ಗುಟ್ಟು ಅಷ್ಟೇ. ಕೂತಿದ್ದಾಗಲೇ ಎದೆ ಹಿಂಡಿದ ಹಾಗಾಗಿ ಬೆವರು ಬಂದರೆ ಮಾತ್ರ ಸ್ಕ್ಯಾನ್ ಸೆಂಟರ್ ಹುಡುಕಬೇಡಿ. ಹತ್ತಿರದ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ, ತಕ್ಷಣ. ಕ್ಯಾಬ್ ನೀವು ಓಡಿಸಿಕೊಂಡು ಹೋಗಬೇಡಿ.

ಪ್ರಶ್ನೆ: ಎಂಆರ್‌ಐಯಲ್ಲೂ ವಿಕಿರಣ ಇರುತ್ತಾ? ಮತ್ತೆ ತಾಳಿ ತೆಗೀಲೇಬೇಕು ಅಂದರು, ಅತ್ತೆ ಒಪ್ಪುತ್ತಿಲ್ಲ.
– ಕೊಪ್ಪಳ

ವಿಕಿರಣ ಇಲ್ಲ. ಅದು ದೊಡ್ಡ ಅಯಸ್ಕಾಂತ. 1.5 ಟೆಸ್ಲಾ (ಅಯಸ್ಕಾಂತ ಶಕ್ತಿಯ ಅಳತೆ) ಯಂತ್ರದ ಸೆಳೆತ ಭೂಮಿಯ ಅಯಸ್ಕಾಂತ ಶಕ್ತಿಯ ಸುಮಾರು 30 ಸಾವಿರ ಪಟ್ಟು. ಅದಕ್ಕೇ ಅಷ್ಟು ಹೇಳುವುದು. ಚಿನ್ನವನ್ನು ಅದು ಎಳೆಯುವುದಿಲ್ಲ, ಆದರೆ ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ. ಜೊತೆಗೆ ತಾಳಿ ಸರದಲ್ಲಿ ಪಿನ್ನು ಸಿಕ್ಕಿಸಿಕೊಂಡಿರುತ್ತಾರಲ್ಲ, ಆ ಪಿನ್ನು ಹಾರಿ ಬರುತ್ತದೆ. ಅತ್ತೆಯವರಿಗೆ ಹೀಗೆ ಹೇಳಿ: ಅರಿಶಿನ ಕೊಂಬನ್ನು ನೂಲಿನ ದಾರಕ್ಕೆ ಕಟ್ಟಿ ಹಾಕಿಕೊಂಡು ಹೋದರೆ ಯಾರೂ ತೆಗೆಯಿರಿ ಅನ್ನುವುದಿಲ್ಲ. ನಮ್ಮಲ್ಲಿ ಎಷ್ಟೋ ಹೆಂಗಸರು ಹಾಗೇ ಬರುತ್ತಾರೆ. ಪೇಸ್‌ಮೇಕರ್, ಕಿವಿಯ ಇಂಪ್ಲಾಂಟ್, ಕಣ್ಣಿಗೆ ಯಾವತ್ತಾದರೂ ಕಬ್ಬಿಣದ ಚೂರು ಸಿಡಿದದ್ದು ಇದ್ದರೆ ಮರೆಯದೆ ಮೊದಲೇ ಹೇಳಿ.

ಪ್ರಶ್ನೆ: ನನಗೆ 36. ಚಿಕ್ಕಮ್ಮನಿಗೆ 41ಕ್ಕೇ ಸ್ತನ ಕ್ಯಾನ್ಸರ್ ಬಂತು. ನಮ್ಮ ಕಚೇರಿಯ ಕ್ಯಾಂಪಿನಲ್ಲಿ ಮುಟ್ಟದೆ, ಒತ್ತದೆ, ದೇಹದ ಶಾಖದ ಫೋಟೋ ತೆಗೆದು ಕಂಪ್ಯೂಟರ್ ನೋಡಿ ‘ನಾರ್ಮಲ್’ ಅಂತು. ಇಷ್ಟು ಸಾಕಾ? ಎಐ ಇದ್ದ ಮೇಲೆ ಮ್ಯಾಮೊಗ್ರಾಂ ಯಾಕೆ?
– ಹೆಸರು ಬೇಡ, ತುಮಕೂರು

ಸಾಕಾಗುವುದಿಲ್ಲ. ಶಾಖದ ಚಿತ್ರ ಮ್ಯಾಮೊಗ್ರಾಂಗೆ ಬದಲಿ ಅಲ್ಲ. ನೋವಿಲ್ಲ, ನಾಚಿಕೆ ಇಲ್ಲ ಅಂತ ಹೆಂಗಸರು ಇಷ್ಟಪಡುವುದು ನನಗೆ ಅರ್ಥವಾಗುತ್ತದೆ, ಆದರೆ ಒಂದು ‘ನಾರ್ಮಲ್’ ಚೀಟಿ ಕೈಯಲ್ಲಿ ಹಿಡಿದುಕೊಂಡು ಗಂಟನ್ನು ಆರು ತಿಂಗಳು ಮುಚ್ಚಿಟ್ಟವರನ್ನೂ ನೋಡಿದ್ದೇನೆ. ಗಂಟು ಕೈಗೆ ಸಿಕ್ಕರೆ ಯಾವ ಚೀಟಿ ಏನೇ ಹೇಳಲಿ, ಅದೇ ವಾರ ತೋರಿಸಿ.

ಚಿಕ್ಕಮ್ಮನ ವಿಷಯ ಮುಖ್ಯ. ಅಮ್ಮನ ಕಡೆ, ಅಪ್ಪನ ಕಡೆ ಎರಡೂ ಲೆಕ್ಕಕ್ಕೆ ಬರುತ್ತದೆ. ಕುಟುಂಬದಲ್ಲಿ ಇನ್ನೂ ಯಾರಿಗಾದರೂ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇತ್ತಾ ಕೇಳಿ ಬರೆದುಕೊಂಡು ಕ್ಯಾನ್ಸರ್ ತಜ್ಞರ ಹತ್ತಿರ ಹೋಗಿ. ಆನುವಂಶಿಕ ಪರೀಕ್ಷೆ ಬೇಕಾ ಅಂತ ಅವರು ಹೇಳುತ್ತಾರೆ. ಅದರಲ್ಲಿ ದೋಷ ಇದೆ ಅಂತ ಬಂದರೆ ನಿಮಗೆ ಎಂಆರ್‌ಐ ತಪಾಸಣೆಯೇ ಬೇಕಾಗಬಹುದು. ಚಿಕ್ಕ ವಯಸ್ಸಿನವರ ಸ್ತನ ದಟ್ಟವಾಗಿರುತ್ತದೆ, ಮ್ಯಾಮೊಗ್ರಾಂನಲ್ಲಿ ಪೂರ್ತಿ ಬೆಳ್ಳಗೆ ಕಾಣುತ್ತದೆ, ಕ್ಯಾನ್ಸರೂ ಬಿಳಿ. ಮಂಜಿನಲ್ಲಿ ಬಿಳಿ ಹಸು ಹುಡುಕಿದ ಹಾಗೆ. ಆಗ ಅಲ್ಟ್ರಾಸೌಂಡ್ ಜೊತೆಗೆ ಬೇಕು.

ಎಐ ಬಂದಿದೆ, ನಿಜಕ್ಕೂ ಒಳ್ಳೆಯ ಕೆಲಸ ಮಾಡುತ್ತಿದೆ, ಆದರೆ ಅದು ನೋಡುವುದು ಮ್ಯಾಮೊಗ್ರಾಂ ಚಿತ್ರವನ್ನೇ. ಸ್ವೀಡನ್ನಿನಲ್ಲಿ 80 ಸಾವಿರ ಹೆಂಗಸರ ಮೇಲೆ ನಡೆದ ಅಧ್ಯಯನದ ಮೊದಲ ಫಲಿತಾಂಶ 2023ರಲ್ಲಿ ಬಂತು. ಇಬ್ಬರು ವೈದ್ಯರು ನೋಡುವ ಹಳೇ ಪದ್ಧತಿಯಲ್ಲಿ 203 ಕ್ಯಾನ್ಸರ್ ಸಿಕ್ಕರೆ, ಎಐ ಜೊತೆಗಿದ್ದ ಗುಂಪಿನಲ್ಲಿ 244 ಸಿಕ್ಕವು. ವೈದ್ಯರು ನೋಡಬೇಕಾದ ಕೆಲಸ ಶೇ 44 ಕಡಿಮೆಯಾಯಿತು. ಇನ್ನೂ ಮುಂದೆ ಹೋಗಿ, ಇವತ್ತು ಏನೂ ಇಲ್ಲದ ಮ್ಯಾಮೊಗ್ರಾಂ ನೋಡಿ ಮುಂದಿನ ಐದು ವರ್ಷದ ಅಪಾಯ ಅಂದಾಜು ಮಾಡುವ ತಂತ್ರಾಂಶವನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಮಾಡಿದ್ದಾರೆ. ಮಾಡಿದವರಲ್ಲಿ ಒಬ್ಬರಾದ ರೆಜಿನಾ ಬಾರ್ಜಿಲೇ ಸ್ವತಃ ಸ್ತನ ಕ್ಯಾನ್ಸರ್ ದಾಟಿ ಬಂದವರು. ಕಾಯಿಲೆ ಬಂದ ಮೇಲೆಯೇ ಅವರು ಈ ಕೆಲಸಕ್ಕೆ ಇಳಿದದ್ದು. ನನಗೆ ಅವರ ಮೇಲೆ ತುಂಬಾ ಗೌರವ.

ಹಾಗಂತ ದೊಡ್ಡ ಯಂತ್ರವೇ ಬೇಕು ಅಂತಲೂ ಇಲ್ಲ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು ಒಂದೂವರೆ ಲಕ್ಷ ಹೆಂಗಸರನ್ನು 20 ವರ್ಷ ಗಮನಿಸಿದರು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದ್ದಕ್ಕೇ, 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಸುಮಾರು ಶೇ 30 ಇಳಿಯಿತು. ಬರೀ ಕೈ!

ಪ್ರಶ್ನೆ: ಊರಿಗೆ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರ ತಂದಿದ್ದರು. ನನಗೆ ಕೆಮ್ಮೂ ಇಲ್ಲ, ಜ್ವರವೂ ಇಲ್ಲ. ಆದರೂ ಕಂಪ್ಯೂಟರ್ ಟಿಬಿ ಅನುಮಾನ ಅಂತ ತೋರಿಸಿತಂತೆ, ಕಫ ಕೊಡಿ ಅಂತಾರೆ. ಡಾಕ್ಟರ್ ನೋಡದೆ ಯಂತ್ರದ ಮಾತು ನಂಬಬೇಕಾ?
– ರಾಯಚೂರು ಜಿಲ್ಲೆ

ಕಫ ಕೊಡಿ. ನಾಳೆಯೇ ಕೊಡಿ.

ಯಂತ್ರ ನಿಮಗೆ ಟಿಬಿ ಇದೆ ಅಂತ ಹೇಳಿಲ್ಲ, ಇನ್ನೊಂದು ಪರೀಕ್ಷೆ ಬೇಕು ಅಂತ ಹೇಳಿದೆ. ತೀರ್ಮಾನ ಕಫದ ಪರೀಕ್ಷೆಯದ್ದು. 15 ವರ್ಷ ಮೇಲ್ಪಟ್ಟವರ ಎದೆಯ ಎಕ್ಸ್‌ರೇಯನ್ನು ಟಿಬಿಗಾಗಿ ಸೋಸಲು ಇಂಥ ತಂತ್ರಾಂಶ ಬಳಸಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2021ರಲ್ಲಿ ಹೇಳಿದೆ. ನನ್ನಂಥವರು ಎಲ್ಲಾ ತಾಲ್ಲೂಕಿನಲ್ಲಿ ಇಲ್ಲ, ಇದ್ದಿದ್ದರೆ ಒಳ್ಳೆಯದಿತ್ತು. ಕೆಮ್ಮಿಲ್ಲದಿದ್ದರೂ ಯಾಕೆ ಎಕ್ಸ್‌ರೇ ಅಂತ ಕೇಳುತ್ತೀರಿ. 2019ರಿಂದ 2021ರವರೆಗೆ ದೇಶದಲ್ಲಿ ಟಿಬಿ ಸಮೀಕ್ಷೆ ನಡೆಯಿತು. ಸಿಕ್ಕ ರೋಗಿಗಳಲ್ಲಿ ಶೇ 42.6ರಷ್ಟು ಜನ ಎಕ್ಸ್‌ರೇ ತೆಗೆಯದೆ ಬರೀ ಲಕ್ಷಣ ಕೇಳಿದ್ದರೆ ತಪ್ಪಿಹೋಗುತ್ತಿದ್ದರು. ನಿಮ್ಮ ಥರದವರೇ ಅವರು, ಕೆಮ್ಮಿಲ್ಲದೆ ಓಡಾಡುತ್ತಿದ್ದವರು. ಟಿಬಿ ಅಂತ ಬಂದರೂ ಔಷಧಿ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಖಾತೆಗೆ ಬರುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿ.

ಪ್ರಶ್ನೆ: ಕಣ್ಣಿನ ಫೋಟೋ ನೋಡಿ ಹೃದಯದ ಕಾಯಿಲೆ ಹೇಳುತ್ತಾರಂತೆ?
– ಕಾಲೇಜು ವಿದ್ಯಾರ್ಥಿ, ಧಾರವಾಡ

ಹೇಳಲು ನೋಡುತ್ತಿದ್ದಾರೆ. ಸೂಜಿ ಚುಚ್ಚದೆ ರಕ್ತನಾಳ ನೇರವಾಗಿ ಕಾಣುವ ಜಾಗ ಕಣ್ಣಿನ ಹಿಂಪರದೆ. 2018ರಲ್ಲಿ ಗೂಗಲ್ ಸಂಶೋಧಕರು ಸುಮಾರು 2.84 ಲಕ್ಷ ಜನರ ಕಣ್ಣಿನ ಚಿತ್ರ ಕೊಟ್ಟು ಕಂಪ್ಯೂಟರಿಗೆ ಕಲಿಸಿದರು. ವಯಸ್ಸನ್ನು ಸರಾಸರಿ ಮೂರು ವರ್ಷದ ಆಚೀಚೆ ಹೇಳಿತು, ಗಂಡೋ ಹೆಣ್ಣೋ ಅಂತ ಬಹುಪಾಲು ಸರಿಯಾಗಿ ಹೇಳಿತು, ಕಣ್ಣಿನ ಡಾಕ್ಟರುಗಳಿಗೂ ಅದು ಕಾಣುವುದಿಲ್ಲ! ಹೃದಯದ ಅಪಾಯದ ವಿಷಯದಲ್ಲಿ ಮಾತ್ರ, ನಾವು ಬಿಪಿ, ಕೊಲೆಸ್ಟರಾಲ್ ಹಿಡಿದು ಹಾಕುವ ಲೆಕ್ಕಕ್ಕಿಂತ ಮೇಲೇನೂ ಹೋಗಲಿಲ್ಲ. ಸದ್ಯಕ್ಕೆ ನಿಜವಾಗಿ ಕೆಲಸಕ್ಕೆ ಬರುವುದು ಶುಗರ್‌ನಿಂದ ಕಣ್ಣು ಹಾಳಾಗುವುದನ್ನು ಹಿಡಿಯಲು. ಗೂಗಲ್‌ನವರೇ 2016ರಲ್ಲಿ ಇದರ ಮೇಲೆ ಮಾಡಿದ ಸಂಶೋಧನೆಯಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದ ಚಿತ್ರಗಳೂ ಇದ್ದವು.

ನಾರಾಯಣ ನೇತ್ರಾಲಯದವರದೇ ಇನ್ನೊಂದು ಕೆಲಸ ಇದೆ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಿಂಗಳು ತುಂಬುವ ಮುಂಚೆ ಹುಟ್ಟಿದ ಮಕ್ಕಳ ಹಿಂಪರದೆ ಕೆಟ್ಟು ಕುರುಡಾಗುವ ಕಾಯಿಲೆ ಇದೆ. ಅದನ್ನು ಹಿಡಿಯಲು 2008ರಲ್ಲಿ ಕಿಡ್‌ರಾಪ್ ಅಂತ ಒಂದು ಕಾರ್ಯಕ್ರಮ ಶುರು ಮಾಡಿದರು. ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಶಿಶು ಘಟಕಗಳಿಗೇ ಹೋಗಿ ಫೋಟೋ ತೆಗೆದು ಕಳಿಸುತ್ತಾರೆ, ತಜ್ಞರು ಬೆಂಗಳೂರಿನಲ್ಲಿ ಕೂತು ನೋಡುತ್ತಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ 34 ವಾರದ ಒಳಗೆ ಅಥವಾ ಎರಡು ಕೆಜಿಗಿಂತ ಕಡಿಮೆ ತೂಕದ ಮಗು ಹುಟ್ಟಿದರೆ 30 ದಿನದ ಒಳಗೆ ಕಣ್ಣು ತೋರಿಸಿ. ಆ ದಿನ ದಾಟಬಾರದು.

ಪ್ರಶ್ನೆ: ಮನೆಯಲ್ಲಿ ಹಳೇ ಎಕ್ಸ್‌ರೇ, ಸಿಟಿ ಫಿಲ್ಮುಗಳು ರಾಶಿ ಬಿದ್ದಿವೆ. ಎಸೆಯಬಹುದಾ?
– ನಿವೃತ್ತ ಶಿಕ್ಷಕರು, ಚಿತ್ರದುರ್ಗ

ಮೇಷ್ಟ್ರೇ, ದಯವಿಟ್ಟು ಎಸೆಯಬೇಡಿ.

ಕೆಲವು ವರ್ಷದ ಹಿಂದೆ ಒಬ್ಬ ಅಜ್ಜಿಯ ಸಿಟಿ ನನ್ನ ಮುಂದೆ ಬಂತು. ಎಡ ಶ್ವಾಸಕೋಶದಲ್ಲಿ ಒಂದು ಸೆಂಟಿಮೀಟರ್ ಗಂಟು. ಕ್ಯಾನ್ಸರ್ ಇರಬಹುದು ಅಂತ ಬಯಾಪ್ಸಿಗೆ ದಿನವೂ ಗೊತ್ತಾಗಿತ್ತು. ಹಳೇ ಸ್ಕ್ಯಾನ್ ಏನಾದರೂ ಇದೆಯಾ ಅಂತ ಕೇಳಿದೆ. ಸೊಸೆಗೆ ನೆನಪಾಯಿತು, ಊರಿಗೆ ಹೋಗಿ ಅಟ್ಟದ ಮೇಲಿನ ಟ್ರಂಕಿನಿಂದ ಆರು ವರ್ಷ ಹಳೆಯ ಸಿಟಿ ಫಿಲ್ಮ್ ತಂದರು. ಅದೇ ಜಾಗ, ಅದೇ ಗಂಟು, ಅದೇ ಅಳತೆ. ಇಂಥ ಗಟ್ಟಿ ಗಂಟು ಎರಡು ವರ್ಷ ಬೆಳೆಯದೆ ಇದ್ದರೇ ಸಾಮಾನ್ಯವಾಗಿ ಭಯ ಇಲ್ಲ ಅನ್ನುತ್ತೇವೆ, ಇದು ಆರು ವರ್ಷ ಹಾಗೇ ಕೂತಿತ್ತು. ಬಯಾಪ್ಸಿ ನಿಂತಿತು. ಅಜ್ಜಿ ಅವತ್ತು ಸಂಜೆಯ ಬಸ್ಸಿಗೇ ಊರಿಗೆ ಹೋದರು. ಯಾವ ಹೊಸ ಯಂತ್ರವೂ ಕೊಡಲಾಗದ ಉತ್ತರ ಆ ಟ್ರಂಕಿನಲ್ಲಿತ್ತು.

ಫಿಲ್ಮುಗಳನ್ನು ವರ್ಷದ ಪ್ರಕಾರ ಜೋಡಿಸಿ, ಲಕೋಟೆಯ ಮೇಲೆ ಹೆಸರು ಮತ್ತು ತಾರೀಖು ದೊಡ್ಡದಾಗಿ ಬರೆಯಿರಿ. ಒಂದಕ್ಕೊಂದು ಅಂಟುತ್ತವೆ, ನಡುವೆ ಕಾಗದ ಇಡಿ, ತೇವ ಬಿಸಿಲು ಎರಡೂ ಬೇಡ. ಇನ್ನು ಮುಂದೆ ಸ್ಕ್ಯಾನ್ ಮಾಡಿಸಿದಾಗ ಫಿಲ್ಮಿನ ಜೊತೆ ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಪೂರ್ತಿ ಚಿತ್ರ ಕೇಳಿ ತಗೊಳ್ಳಿ, ಫಿಲ್ಮಿನಲ್ಲಿ ಆರಿಸಿದ ಕೆಲವೇ ಬಿಲ್ಲೆಗಳು ಇರುತ್ತವೆ, ಸಿಡಿಯಲ್ಲಿ ನೂರಾರು. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಮಾಡಿದರೆ ನಮಗೆ ಅಳತೆ ಮಾಡಲು ಆಗುವುದಿಲ್ಲ. ಮತ್ತೆ ಮುಂದಿನ ಸಲ ಸ್ಕ್ಯಾನ್‌ಗೆ ಹೋದಾಗ ಈ ಹಳೇ ಚೀಲವನ್ನು ಮನೆಯಲ್ಲೇ ಬಿಟ್ಟು ಹೋಗಬೇಡಿ, ಕೌಂಟರಿನಲ್ಲಿ ಅವರು ಕೇಳದಿದ್ದರೂ ನೀವೇ ಕೊಡಿ.